ತಾಯಿಯ ತಟ್ಟೆಯನ್ನು ಮರೆಯದಿರೋಣ
(ಶತಮಾನೋತ್ಸವದ ಅಂಗವಾಗಿ ಮಾಡಿದ ಉಪನ್ಯಾಸ)





ಹಸಿದ ಮಗುವಿಗೆ ಪಾಠ ಹತ್ತದೆಂಬುದನ್ನು ಉಪಾಧ್ಯಾಯರೆಲ್ಲರೂ ಬಲ್ಲರು. ಇದನ್ನರಿತೇ ಮದರಾಸು ರಾಜ್ಯದಲ್ಲಿ ಕಾಮರಾಜರು 1950ರ ದಶಕದಲ್ಲಿ ಶಾಲೆಗಳಿಗೆ ಮಧ್ಯಾಹ್ನದ ಊಟವನ್ನು ತಂದರು. ಶಾಲಾಮಕ್ಕಳಿಗೆ ಬೇಯಿಸಿದ ಊಟವನ್ನೇ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ರಾಜ್ಯಗಳಿಗೆ ಆದೇಶಿಸಿತು. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ವು 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾಗಿ, ಬಳಿಕ ನಾಡಿನೆಲ್ಲೆಡೆ ಹಬ್ಬಿತು. 2013ರಲ್ಲಿ ಇದಕ್ಕೆ ಹಾಲೂ ಸೇರಿತು.

ಈ ಅನ್ನದ ಫಲ ಉಂಡವರಲ್ಲಿಯೇ ಮುಗಿಯುವುದಿಲ್ಲ. ಶಾಲೆಯ ಊಟ ವ್ಯಾಪಕವಾಗಿದ್ದೆಡೆ ಬೆಳೆದ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ, ಅವರ ಮಕ್ಕಳ ಎತ್ತರವೂ ಉತ್ತಮವಾಗಿರುವುದನ್ನು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಆದರೂ ನಾವು ತೃಪ್ತರಾಗುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 5 ವರ್ಷದೊಳಗಿನ 100 ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. 6 ತಿಂಗಳು ತುಂಬಿದ ಮಕ್ಕಳಲ್ಲಿ 100ಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆಯಿತ್ತು. ಇದಕ್ಕೆ ಕಾರಣವೇನು? ಬೆಳವಣಿಗೆಯ ಕುಂದು ಬಹುಮಟ್ಟಿಗೆ ಗರ್ಭದಲ್ಲಿ ಮೊದಲ್ಗೊಂಡು 2 ವರ್ಷ ತುಂಬುವುದರೊಳಗೆ ಉಂಟಾಗುತ್ತದೆ. ಮಗುವಿಗೆ ಶಾಲೆಯ ತಟ್ಟೆ ದೊರೆಯುವುದು 6ನೆಯ ವರ್ಷದಲ್ಲಿ!

ಈ ಅಂತರವನ್ನು ತುಂಬಲೆಂದೇ 1975ರಲ್ಲಿ ಅಂಗನವಾಡಿಗಳು ಹುಟ್ಟಿದವು. ಆದರೆ ಗರ್ಭಿಣಿಯ ಪಾಲಿಗೆಂದು ಮನೆಗೆ ಒಯ್ದ ಧಾನ್ಯ ಮನೆಮಂದಿಗೆಲ್ಲ ಹಂಚಿಹೋಗುವುದು ಸಹಜ. ಆದ್ದರಿಂದಲೇ 2017ರಲ್ಲಿ ಆರಂಭವಾದ ‘ಮಾತೃಪೂರ್ಣ’ ಯೋಜನೆಯು ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿಯೇ ಬಿಸಿಯೂಟ ಬಡಿಸಲು ಮುಂದಾಯಿತು. ಉದ್ದೇಶ ಘನವಾದುದು. ಆದರೆ ದಿನಗೂಲಿ ಬಿಟ್ಟು ಬರುವುದು ಹೇಗೆ? ಮಳೆಯಲ್ಲಿ ತುಂಬು ಗರ್ಭಿಣಿ ದೂರ ನಡೆಯುವುದು ಹೇಗೆ? ಹಸಿ ಬಾಣಂತಿಯನ್ನು ಹೊಸ್ತಿಲು ದಾಟಿಸಲು ಹಿರಿಯರು ಒಪ್ಪುವರೇ?

ಇಲ್ಲಿಯೇ ನಮ್ಮ ಹೊಣೆ ಆರಂಭವಾಗುತ್ತದೆ. ಸರ್ಕಾರ ಅಡಿಗೆ ಮಾಡಿಸಬಹುದು. ಸೊಸೆಯನ್ನು ಊಟಕ್ಕೆ ಕಳುಹಿಸಬೇಕಾದವರು ಅತ್ತೆ, ಜೊತೆಯಾಗಿ ನಡೆಯಬೇಕಾದವರು ನೆರೆಯವರು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿ ಗರ್ಭಿಣಿಗೆ ಸಲ್ಲದು. ಸೊಪ್ಪು, ಬೇಳೆ, ಮೊಟ್ಟೆ ಮೊದಲು ಆಕೆಯ ತಟ್ಟೆಗೆ ಬೀಳಲಿ. ಊಟದೊಡನೆ ನಿಂಬೆ ಅಥವಾ ನೆಲ್ಲಿ ಇರಲಿ. ಉಂಡೊಡನೆ ಚಹಾ ಬೇಡ, ಅದು ಆಹಾರದ ಕಬ್ಬಿಣಾಂಶ ದೇಹಕ್ಕೆ ಹತ್ತಗೊಡದು.

ಶಾಲೆಯ ಊಟ ಭಿಕ್ಷೆಯಲ್ಲ. ತಾಯಿಯ ಊಟ ಉಪಕಾರವೂ ಅಲ್ಲ. ಎರಡೂ ಹುಟ್ಟಲಿರುವ ಪೀಳಿಗೆಗೆ ನಾವು ಸಲ್ಲಿಸಬೇಕಾದ ಋಣ. ಈ ಶತಮಾನೋತ್ಸವದ ನೆನಪಿಗಾಗಿ ಪ್ರತಿ ಮನೆಯಲ್ಲೂ ಗರ್ಭಿಣಿಗೆ ಮೊದಲು ಬಡಿಸುವ ವಾಡಿಕೆ ಬೇರೂರಲೆಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.