ಅಂಕದ ಕಾಲಂನಲ್ಲಿ ತಲೆ ತಗ್ಗಿಸೋದು ಯಾಕೆ?

(ಮದಲೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಎದುರು ಆಡಿದ ಮಾತು)



ನಿಮ್ಮ ಕೆಲಸದ ಅರ್ಜಿಗಳನ್ನು ನೋಡಿದೆ. ಜಾತಿ ಕಾಲಂ ಎಲ್ಲರೂ ತುಂಬಿದ್ದೀರಿ. ಅಂಕಕ್ಕೆ ಬಂದಾಗ ಪೆನ್ನು ಹೆದರ್ತದೆ. ಫಸ್ಟ್ ಕ್ಲಾಸ್ ಬಂದವನೂ ಬರೀ ‘ಬಿ.ಎ. ಪಾಸ್’ ಅಂತ ಗೀಚಿದ್ದಾನೆ. ಕೇಳಿದರೆ, ‘ಹೆಂಗೂ ಕೋಟಾದಲ್ಲೇ ಅಲ್ವೇನಣ್ಣಾ?’ ಅಂತಾನೆ. ಈ ಮಾತು ನಮಗೆ ಕಲಿಸಿದವರು ಯಾರು?

1992ರಲ್ಲಿ ಇಂದಿರಾ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ: ಪರಿಶಿಷ್ಟ ಜಾತಿಯವರು ಸ್ವಂತ ಅಂಕದ ಬಲದಿಂದ ಸಾಮಾನ್ಯ ಪಟ್ಟಿಯಲ್ಲಿ ಆಯ್ಕೆಯಾದರೆ ಅವರನ್ನು ಮೀಸಲು ಲೆಕ್ಕಕ್ಕೆ ಹಾಕುವಂತಿಲ್ಲ. ನೀವು ಅಲ್ಲಿ ಕೂತರೆ, ಇಲ್ಲಿ ಹಿಂದೆ ಬರೋ ತಮ್ಮನಿಗೆ, ತಂಗಿಗೆ ಒಂದು ಜಾಗ ಉಳೀತದೆ. (ವಯೋಮಿತಿ ಸಡಿಲಿಕೆ ಪಡೆದವರು ಮಾತ್ರ ಆಯಾ ಅಧಿಸೂಚನೆ ಸರಿಯಾಗಿ ಓದಿಕೊಳ್ಳಿ.)

ಬಾಬಾಸಾಹೇಬರು 1923ರಲ್ಲಿ ಲಂಡನ್ನಿನ ಡಿ.ಎಸ್ಸಿ., 1927ರಲ್ಲಿ ಕೊಲಂಬಿಯಾದ ಪಿಎಚ್.ಡಿ. ಪಡೆದರು. ಹೆಸರಿನ ಹಿಂದೆ ‘ಡಾಕ್ಟರ್’ ಅನ್ನೋಕೆ ನಾಚಿದರೇನು?

ಶೇಕಡಾವಾರು ಬರೀರಿ. ಭಾಷಣದ ಬಹುಮಾನ, ಎನ್.ಎಸ್.ಎಸ್. ಪ್ರಮಾಣಪತ್ರ, ಎಲ್ಲಾ ಬರೀರಿ. ಇಲ್ಲದ್ದು ಮಾತ್ರ ಒಂದಕ್ಷರ ಬೇಡ. ಕನ್ನಡ ಮಾಧ್ಯಮ, ಗ್ರಾಮೀಣ ಅನ್ನೋದನ್ನ ಮುಚ್ಚಿಡ್ತೀರಲ್ಲ, ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಅದಕ್ಕೂ ಮೀಸಲಿದೆ. ಮನೆಯಲ್ಲಿ ಮೊದಲ ಡಿಗ್ರಿ ನಿಮ್ಮದೇ ಆದರೆ ಸಂದರ್ಶನದಲ್ಲಿ ಹೇಳಿ, ಕೈಮುಗಿಯೋ ದನಿಯಲ್ಲಿ ಬೇಡ.

ಅಂಕಪಟ್ಟಿ ತಂದವರು ಈಗಲೇ ಮುಂದೆ ಬನ್ನಿ, ಕೂತು ತುಂಬೋಣ.