ಕತ್ತರಿ ಯಾರ ಕೈಲಿತ್ತು?

(ಹಾಸ್ಟೆಲ್ ಗೆಳೆಯರ ಓದುಕೂಟದಲ್ಲಿ ಆಡಿದ ಮಾತು)



ಬೈಬಲ್ ಬಗ್ಗೆ ಮಾತಾಡ್ತೇವೆ ಅಂದಾಗ ಕೆಲವರು ನಕ್ಕಿರಿ, ಕೆಲವರು ಗಾಬರಿಯಾದಿರಿ. ನಾವು ಮತಾಂತರ ಮಾಡೋಕೂ ಬಂದವರಲ್ಲ, ಯಾರ ನಂಬಿಕೆಯನ್ನೂ ಹಳಿಯೋಕೂ ಬಂದವರಲ್ಲ. ಪವಿತ್ರ ಅನ್ನಿಸಿಕೊಂಡ ಒಂದು ಗ್ರಂಥವನ್ನು ವಿದ್ವಾಂಸರು ಹೇಗೆ ಓದ್ತಾರೆ ಅನ್ನೋದನ್ನು ನಿಮ್ಮ ಜೊತೆ ಕೂತು ಕಲಿಯೋಣ ಅಂತ ಬಂದಿದ್ದೇವೆ. ಅಕ್ಷರ ಮುಟ್ಟಬೇಡಿ ಅನ್ನಿಸಿಕೊಂಡವರ ಮಕ್ಕಳು ನಾವು. ಗ್ರಂಥ ಓದುವ ವಿದ್ಯೆ ನಮಗೆ ಬೇಕೇ ಬೇಕು.

ಬೈಬಲ್ ಅಂದ್ರೆ ಪುಸ್ತಕಗಳ ಒಂದು ಗಂಟು. ಪ್ರಾಟೆಸ್ಟಂಟರ ಬೈಬಲಿನಲ್ಲಿ 66 ಪುಸ್ತಕಗಳಿವೆ. ಹೀಬ್ರೂ, ಗ್ರೀಕ್, ಅಲ್ಲಲ್ಲಿ ಅರಾಮಿಕ್ ಭಾಷೆಯಲ್ಲಿ, ಹಲವು ಶತಮಾನಗಳಲ್ಲಿ ಹಲವು ಕೈಗಳು ಬರೆದದ್ದು. ಆದಿಕಾಂಡದ ಮೊದಲ ಅಧ್ಯಾಯ ತೆಗೆದು ನೋಡಿ. ಗಿಡಮರ, ಪ್ರಾಣಿ ಎಲ್ಲ ಆದ ಮೇಲೆ ಗಂಡು ಹೆಣ್ಣು ಒಟ್ಟಿಗೇ ಹುಟ್ತಾರೆ. ಎರಡನೇ ಅಧ್ಯಾಯದಲ್ಲಿ ಮೊದಲು ಗಂಡು, ಆಮೇಲೆ ಗಿಡ, ಪ್ರಾಣಿ, ಕೊನೆಗೆ ಹೆಣ್ಣು. ಮೂಲದಲ್ಲಿ ದೇವರನ್ನು ಕರೆಯುವ ಹೆಸರೂ ಬದಲಾಗುತ್ತೆ. 1753ರಲ್ಲಿ ಜಾನ್ ಆಸ್ಟ್ರುಕ್ ಎಂಬ ಫ್ರೆಂಚ್ ವೈದ್ಯ ಈ ಹೆಸರುಗಳ ಜಾಡು ಹಿಡಿದು, ಇಲ್ಲಿ ಬೇರೆ ಬೇರೆ ಮೂಲಗಳು ಸೇರಿವೆ ಅಂತ ಬರೆದ. ಪುಸ್ತಕದ ಮೇಲೆ ತನ್ನ ಹೆಸರು ಹಾಕಲಿಲ್ಲ. 19ನೇ ಶತಮಾನದಲ್ಲಿ ಜರ್ಮನಿಯ ವೆಲ್‌ಹೌಸೆನ್ ನಾಲ್ಕು ಮೂಲಗಳ ವಾದಕ್ಕೆ ಗಟ್ಟಿ ರೂಪ ಕೊಟ್ಟ. ಆ ವಾದದ ಬಗ್ಗೆ ವಿದ್ವಾಂಸರಲ್ಲಿ ಇವತ್ತಿಗೂ ಜಗಳ ಇದೆ. ಆದರೆ ಯಾರು ಬರೆದರು, ಯಾವಾಗ, ಯಾರಿಗಾಗಿ ಅಂತ ಕೇಳುವ ಅಭ್ಯಾಸ ನೆಲೆ ನಿಂತಿತು.

ನಮ್ಮಂಥವರು ಇನ್ನೊಂದು ಪ್ರಶ್ನೆ ಸೇರಿಸಬೇಕು. ಕತ್ತರಿಸಿದವರು ಯಾರು? 1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು, ಬ್ರಿಟಿಷರ ವೆಸ್ಟ್ ಇಂಡೀಸ್ ದ್ವೀಪಗಳ ಕರಿಯ ಗುಲಾಮರಿಗಾಗಿ. 1189 ಅಧ್ಯಾಯಗಳಲ್ಲಿ ಉಳಿಸಿದ್ದು 232. ಮೋಶೆ ತನ್ನ ಜನರನ್ನು ಐಗುಪ್ತದ ಗುಲಾಮಗಿರಿಯಿಂದ ಬಿಡಿಸಿಕೊಂಡು ಹೋದ ಕಥೆ ಅದರಲ್ಲಿಲ್ಲ. ಕ್ರಿಸ್ತನಲ್ಲಿ ಗುಲಾಮ, ಸ್ವತಂತ್ರ ಎಂಬ ಭೇದ ಇಲ್ಲ ಅನ್ನೋ ಪೌಲನ ಮಾತೂ ಇಲ್ಲ. ಒಡೆಯನ ಮಾತು ಕೇಳಿ ಅನ್ನೋದು ಮಾತ್ರ ಭದ್ರವಾಗಿದೆ. ಮೋಶೆಯ ಆ ಕಥೆ ಇರೋ ಪುಸ್ತಕಕ್ಕೆ ಕನ್ನಡ ಬೈಬಲಿನಲ್ಲಿ ವಿಮೋಚನಕಾಂಡ ಅಂತ ಹೆಸರು. ಕಬ್ಬಿನ ತೋಟದ ಧಣಿಗಳಿಗೆ ಯಾಕೆ ಹೆದರಿಕೆ ಅಂತ ಹೆಸರು ಕೇಳಿದ್ರೇ ಗೊತ್ತಾಗುತ್ತೆ.

ಕತ್ತರಿಸಿದ್ದನ್ನು ತುಳಿಸಿಕೊಂಡವರೇ ಮತ್ತೆ ಓದಿದರು. 1970ರಲ್ಲಿ ಅಮೆರಿಕದ ಕರಿಯ ಚಿಂತಕ ಜೇಮ್ಸ್ ಕೋನ್ ಕಪ್ಪು ಜನರ ವಿಮೋಚನೆಯ ದೇವಶಾಸ್ತ್ರ ಬರೆದರು. 1981ರಲ್ಲಿ ನಮ್ಮ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವಶಾಸ್ತ್ರ ಬೇಕು ಅಂತ ಮಾತಾಡಿದರು. ದಲಿತ ದೇವಶಾಸ್ತ್ರ ಆ ದಾರಿಯಲ್ಲೇ ಬೆಳೆಯಿತು.

ಹಾಗಂತ ವಿಮೋಚನಕಾಂಡಕ್ಕೆ ಸುಮ್ಮನೆ ಕೈಮುಗಿದು ಕೂರೋಣವೇ? ಅದರ 21ನೇ ಅಧ್ಯಾಯದಲ್ಲಿ ಗುಲಾಮರನ್ನು ಇಟ್ಟುಕೊಳ್ಳುವ ಕಟ್ಟಳೆಗಳೂ ಇವೆ. ಬಿಡುಗಡೆಯಾದವರು ಕಾನಾನ್ಯರ ನೆಲ ಕಿತ್ತುಕೊಳ್ಳುವ ಕಥೆ ಮುಂದೆ ಬರುತ್ತೆ. 1989ರಲ್ಲಿ ಅಮೆರಿಕದ ಮೂಲನಿವಾಸಿ ಓಸೇಜ್ ಜನರ ರಾಬರ್ಟ್ ವಾರಿಯರ್, ನೆಲ ಕಳೆದುಕೊಂಡ ಆ ಕಾನಾನ್ಯರ ಕಡೆ ನಿಂತು ಓದಿದರು. ನಮಗೂ ಅದು ಪಾಠ. ನಮಗೆ ಧೈರ್ಯ ಕೊಟ್ಟ ಕಥೆಯೊಳಗೂ ಯಾರೋ ತುಳಿಸಿಕೊಂಡು ಬಿದ್ದಿರಬಹುದು.

ನಾಳೆ ಯಾರಾದರೂ ಯಾವುದೇ ಗ್ರಂಥ ತಂದು, ಹೀಗೆ ಬರೆದಿದೆ, ತಲೆ ಬಾಗಿಸು ಅಂದ್ರೆ ಕೇಳೋಣ: ಬರೆದವರು ಯಾರು? ಯಾವಾಗ? ಯಾರಿಗಾಗಿ? ಬಿಟ್ಟದ್ದು ಏನು? ನಮಗೆ ಪ್ರಿಯವಾದ ಪುಸ್ತಕಕ್ಕೂ ಇದೇ ಪ್ರಶ್ನೆ ಕೇಳೋಣ. ತಲೆ ಎತ್ತಿಕೊಂಡೇ ಓದೋಣ.