ಹೂಂಗುಟ್ಟುವ ಹೊತ್ತು

ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರಿನಲ್ಲಿ ನನ್ನ ಸೋದರತ್ತೆಯ ಮನೆಯಿದೆ. ಕಾವೇರಿಯ ಮಗ್ಗುಲಿನ ಊರು. ಬಾಲ್ಯದ ರಜೆಗಳಲ್ಲಿ ಆ ಮನೆಯ ಜಗಲಿಯ ಮೇಲೆ ಕುಳಿತು ಅತ್ತೆಯ ಬಾಯಿಂದ ಕಥೆ ಕೇಳುವುದು ನಮಗೊಂದು ದೊಡ್ಡ ಸುಖವಾಗಿತ್ತು. ಕಥೆ ಹೇಳುವವರಿಗೆ ಹೂಂಗುಟ್ಟುವವರು ಬೇಕಷ್ಟೆ. ಮಾದೇಶ್ವರನ ಕಥೆ ಹಾಡುವ ದೇವರಗುಡ್ಡರೂ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರೂ ಇರುವ ಸೀಮೆ ಅದು. ಹಿಮ್ಮೇಳ ದನಿಗೂಡಿಸದೆ ಮುಂದಾಳು ಒಬ್ಬನೇ ಇರುಳು ಕಳೆಯಲಾರ ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು. ಅತ್ತೆಯೂ ಹಾಗೆಯೇ. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು.

ಕೆಲವು ವರ್ಷಗಳ ಹಿಂದೆ, ನೌಕರಿಯಿಂದ ನಿವೃತ್ತನಾದ ಮೇಲೆ, ಅಲ್ಲಿಗೆ ಹೋಗಿದ್ದೆ. ದೀಪ ಹಚ್ಚಿದ ಮೇಲೆ ಅತ್ತೆ ಕಥೆ ಪ್ರಾರಂಭಿಸಿದರು. ನನ್ನ ಕೈಯಲ್ಲಿ ಮೊಬೈಲು. ರಾಜಕುಮಾರ ಏಳು ಸಮುದ್ರ ದಾಟಿದ ಎಂದರು, ಹೂಂ ಎಂದೆ. ಅವನನ್ನು ಕುಂಬಳಕಾಯಿ ನುಂಗಿತು ಎಂದರು, ಹೂಂ ಎಂದೆ. ನಮ್ಮ ಮನೆಯ ಎಮ್ಮೆ ಪಟ್ಟಕ್ಕೆ ಬಂತು ಎಂದರು. ಅದಕ್ಕೂ ಹೂಂ ಎಂದೆ. ಮಕ್ಕಳು ಗೊಳ್ಳೆಂದು ನಕ್ಕಾಗಲೇ ನಾನು ತಲೆಯೆತ್ತಿದ್ದು. ಅತ್ತೆ ನಗಲಿಲ್ಲ. "ಬಾಯ ಇಲ್ಲಿ ಮಡಗಿ ಕಿವಿಯ ಎಲ್ಲಿ ಮಡಗಿದ್ದೀಯೆ ಮಗ?" ಎಂದು ಕೇಳಿ, ಮೊಣಕಾಲಿಗೆ ಕೈಯೂರಿ ಎದ್ದು ಒಳಗೆ ಹೋದರು. ಅಷ್ಟು ತನ್ಮಯನಾಗಿ ನಾನು ನೋಡುತ್ತಿದ್ದುದೇನು? ಯಾವುದೋ ಊರಿನಲ್ಲಿ ಯಾರೋ ದೋಸೆ ಹುಯ್ಯುತ್ತಿದ್ದರು.

ಈ ಮಾತನ್ನು ಬಾನುಲಿಯ ಮುಂದೆ ಕುಳಿತು ಹೇಳುವುದರಲ್ಲಿ ಸ್ವಲ್ಪ ತಮಾಷೆಯಿದೆ. ಬಾನುಲಿಯೂ ಯಂತ್ರವೇ ತಾನೆ? 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 'ಆಕಾಶವಾಣಿ'ಯನ್ನು ಪ್ರಾರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮನಸ್ಸನ್ನು ಬಲ್ಲವರೇ ನಮ್ಮ ಕಿವಿಗೆ ಈ ಯಂತ್ರವನ್ನು ತಂದರೆನ್ನಬೇಕು. ಆದರೆ ನಾವು ಹುಡುಗರಾಗಿದ್ದಾಗಿನ ರೇಡಿಯೋಗೆ ಬೆಳಗಿತ್ತು, ಮಧ್ಯಾಹ್ನವಿತ್ತು, ಇರುಳಿತ್ತು. ಪ್ರಸಾರ ಮುಕ್ತಾಯವಾಯಿತೆಂದು ಉದ್ಘೋಷಕರು ಹೇಳಿದ ಮೇಲೆ ಪೆಟ್ಟಿಗೆಯಲ್ಲಿ ಬರಿಯ ಗೊರಗೊರ ಸದ್ದು. ಆ ಎಲ್ಲೆಯನ್ನು ನಾವು ಹಾಕಿಕೊಂಡದ್ದಲ್ಲ, ಯಂತ್ರವೇ ಹೊತ್ತು ತಂದದ್ದು. ಅದನ್ನು ನಮ್ಮ ಸಂಯಮದ ಲೆಕ್ಕಕ್ಕೆ ಜಮಾ ಮಾಡಿಕೊಂಡು ಇಂದಿನ ಹುಡುಗರನ್ನು ಜರೆಯುವುದು ನ್ಯಾಯವಲ್ಲ. ಅವರ ಕೈಗೆ ಬಂದಿರುವ ಯಂತ್ರಕ್ಕೆ ಮುಕ್ತಾಯವೆಂಬುದೇ ಇಲ್ಲ. ಬೆರಳು ಎಳೆದಷ್ಟೂ ಪುಟ ಉದ್ದವಾಗುತ್ತದೆ. ಒಂದು ಚಿತ್ರ ಮುಗಿಯಿತೆನ್ನುವಷ್ಟರಲ್ಲಿ ಮತ್ತೊಂದು ತಾನಾಗಿಯೇ ಹೊರಡುತ್ತದೆ. ನಾವು ನೋಡುತ್ತ ಕುಳಿತ ಹೊತ್ತನ್ನೇ ಜಾಹೀರಾತಿನವರಿಗೆ ಮಾರುವವರು ಅದನ್ನು ಹಾಗೆ ಕಟ್ಟದೆ ಇನ್ನು ಹೇಗೆ ಕಟ್ಟಿಯಾರು? ಆದುದರಿಂದ ಎಲ್ಲೆಯನ್ನು ಈಗ ನಾವೇ ಹಾಕಿಕೊಳ್ಳಬೇಕಾಗಿದೆ. ಈ ಅಭ್ಯಾಸ ನಮ್ಮ ತಲೆಮಾರಿಗೂ ಇಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ 2014ರಲ್ಲಿ ಒಂದು ಚಿಕಿತ್ಸಾಲಯ ತೆರೆಯಿತು. ಅದು ಕೈಮೀರಿದವರ ಮಾತಾಯಿತು. ನನಗೆ ಹೆಚ್ಚು ಹಿಡಿಸಿದ್ದು ಬೆಳಗಾವಿಯ ಬಳಿಯ ಹಲಗಾ ಗ್ರಾಮದವರ ಉಪಾಯ. ಸಾಂಗ್ಲಿ ಜಿಲ್ಲೆಯ ಹಳ್ಳಿಗಳನ್ನು ನೋಡಿ ಅವರು 2024ರ ಕೊನೆಯಲ್ಲಿ ಒಂದು ಕಟ್ಟಳೆ ಮಾಡಿಕೊಂಡರು: ಸಂಜೆ ಏಳಕ್ಕೆ ಸೈರನ್ ಕೂಗಬೇಕು, ಒಂಬತ್ತರವರೆಗೆ ಮೊಬೈಲೂ ಟಿ.ವಿ.ಯೂ ಬಂದ್. ಒಬ್ಬನೇ ಹಿಡಿದ ವ್ರತ ಬೇಗ ಮುರಿಯುತ್ತದೆ. ಪಕ್ಕದ ಮನೆಯ ಟಿ.ವಿ.ಯೂ ಮೌನವಾಗಿದ್ದರೆ ಮನಸ್ಸಿಗೆ ಅಷ್ಟು ಚಡಪಡಿಕೆಯಿರದು.

ಈ ಸುದ್ದಿಯನ್ನು ಮುಳ್ಳೂರಿಗೆ ಹೊತ್ತುಕೊಂಡು ಹೋಗಿ, ಇಲ್ಲಿಯೂ ಹೀಗೇ ಮಾಡೋಣವೆಂದು ಉತ್ಸಾಹದಿಂದ ಹೇಳಿದೆ. ಅತ್ತೆಯ ಮೊಮ್ಮಗ ಸಾವಧಾನವಾಗಿ ಕೇಳಿ, "ಮಾವ, ಹೊಳೆ ಗಡಿಯಾರ ನೋಡಿಕೊಂಡು ಬರುತ್ತದೆಯೆ?" ಎಂದ. ನಾನು ನಿರುತ್ತರನಾದೆ. 2018ರಲ್ಲಿಯೂ 2019ರಲ್ಲಿಯೂ ಕಬಿನಿ, ಕೃಷ್ಣರಾಜಸಾಗರಗಳಿಂದ ಬಿಟ್ಟ ನೀರು ದಾಸನಪುರ, ಮುಳ್ಳೂರು, ಹರಳೆಗಳ ಕಡೆ ಹೊಲಗದ್ದೆಗಳಿಗೆ ನುಗ್ಗಿತ್ತು. ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರು, ದನಗಳನ್ನು ಯಾವಾಗ ಎತ್ತರಕ್ಕೆ ಹೊಡೆಯಬೇಕು ಎಂಬ ಸಮಾಚಾರ ಹೊತ್ತುಗೊತ್ತಿಲ್ಲದೆ ಬರುವುದು ಈ ಮೊಬೈಲಿನಲ್ಲಿಯೇ. ಪಟ್ಟಣದಲ್ಲಿ ಕುಳಿತು ಕಟ್ಟಳೆ ಮಾಡುವವನಿಗೆ ಹೊಳೆಯ ನೆನಪಿರುವುದಿಲ್ಲ.

ಕೊನೆಗೆ ಆ ಮನೆಯವರು ತಮ್ಮಷ್ಟಕ್ಕೆ ತಾವೇ ಒಂದು ಏರ್ಪಾಡು ಮಾಡಿಕೊಂಡರು. ಏಳರಿಂದ ಒಂಬತ್ತರವರೆಗೆ ಎಲ್ಲರ ಮೊಬೈಲುಗಳೂ ಬತ್ತ ಅಳೆಯುವ ಹಳೆಯ ಕೊಳಗದೊಳಗೆ. ಮಳೆಗಾಲದಲ್ಲಿ ಮಾತ್ರ ಒಬ್ಬರದು, ಸರದಿಯ ಮೇಲೆ, ಕಿಟಕಿಯಲ್ಲಿರಬೇಕು. ಕರೆ ಬಂದರೆ ಮಾತ್ರ ಅದು ಜೋರಾಗಿ ಕೂಗಬೇಕು, ಮಿಕ್ಕ ಯಾವ ಸದ್ದೂ ಕೂಡದು. ಅತಿಥಿಯಾದ ನಾನು ಹಿತ್ತಲಿಗೆ ಹೋಗುವ ನೆಪದಲ್ಲಿ ಎರಡು ಸಲ ಕೊಳಗಕ್ಕೆ ಕೈಹಾಕಿದ್ದುಂಟು. ಎರಡು ಸಲವೂ ಮಕ್ಕಳ ಕೈಗೆ ಸಿಕ್ಕಿಬಿದ್ದೆ.

ಮೊನ್ನೆ ಹೋದಾಗ ಕಟ್ಟಳೆ ಮುರಿದವರು ಬೇರೆಯವರು. ಎಂಟು ಗಂಟೆಯ ಸುಮಾರಿಗೆ ಅತ್ತೆಯೇ ಮೊಮ್ಮಗನನ್ನು ಕರೆದು, ಕೊಳಗದಿಂದ ಒಂದು ಮೊಬೈಲನ್ನು ತೆಗೆಸಿ, ಮಾದಪ್ಪನ ಹಾಡು ಹಾಕು ಎಂದರು. ಮಕ್ಕಳು ತಕರಾರು ತೆಗೆದರು. ಕೂಡದೆಂದು ಹೇಳುವ ಧೈರ್ಯ ದೊಡ್ಡವರಾರಿಗೂ ಬರಲಿಲ್ಲ. ಕಂಸಾಳೆಯ ಸದ್ದು ಜಗಲಿ ತುಂಬಿತು. ಅತ್ತೆ ಕಂಬಕ್ಕೆ ಒರಗಿ ಕಣ್ಣುಮುಚ್ಚಿದರು. ಹಾಡಿನ ಸಾಲು ಸಾಲಿಗೂ ಅವರು ಹೂಂಗುಟ್ಟುತ್ತಿದ್ದರು.